ಓವರ್‌ಡ್ರೈವ್ ಎಂಬ ಸ್ವಿಚ್ಚು, ಐವತ್ತು ವರ್ಷ ತಡವಾಗಿ ಬಂದ ರಸ್ತೆ

ಹೈದರಾಬಾದಿನಿಂದ ಊರಿಗೆ ಹೊರಟಾಗ ಪಟಾನ್‌ಚೆರು, ಸಂಗಾರೆಡ್ಡಿ ದಾಟಿ ರಸ್ತೆ ಸ್ವಲ್ಪ ಬಿಡುವಾಯಿತು ಅನ್ನುವಷ್ಟರಲ್ಲಿ ನಮ್ಮ ಎಡಗೈ ತಾನಾಗಿಯೇ ಐದನೇ ಗೇರು ಹಾಕಿರುತ್ತದೆ. ಇಂಜಿನ್ನಿನ ಕೂಗು ತಗ್ಗುತ್ತದೆ, ಹಿಂದಿನ ಸೀಟಿನಲ್ಲಿ ಮಕ್ಕಳು ನಿದ್ದೆ ಹೋಗುತ್ತಾರೆ, ಪೆಟ್ರೋಲಿನ ಮುಳ್ಳು ಇಳಿಯುವುದೂ ನಿಧಾನವಾಗುತ್ತದೆ. ಈ ಐದನೇ ಗೇರಿಗೆ ಒಂದು ಪೂರ್ವಜನ್ಮ ಇದೆ. ಆಗ ಅದು ಗೇರ್‌ಬಾಕ್ಸಿನ ಒಳಗೆ ಇರಲಿಲ್ಲ, ಅದರ ಬೆನ್ನಿಗೆ ಅಂಟಿಕೊಂಡ ಬೇರೆಯೇ ಪೆಟ್ಟಿಗೆಯಾಗಿತ್ತು. ಗೇರು ಹಾಕುವ ಕೋಲೂ ಅದಕ್ಕೆ ಇರಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ನಮ್ಮ ಮನೆಯ ಫ್ಯಾನಿನ ಸ್ವಿಚ್ಚಿನಂಥದ್ದೇ ಒಂದು ಪುಟ್ಟ ಸ್ವಿಚ್ಚು, ಅಷ್ಟೇ. ಹೆಸರು ಓವರ್‌ಡ್ರೈವ್.

ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಗೇರಿನ ಹಲ್ಲು ಕತ್ತರಿಸಿಯೇ ಹೊಟ್ಟೆ ಹೊರೆದವನು ನಾನು. ಹಾಗಾಗಿ ಹಲ್ಲುಚಕ್ರಗಳ ಬಗ್ಗೆ ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ ಅಂತ ಮನೆಯವರ ದೂರು. ಆದರೆ ಈ ಸ್ವಿಚ್ಚಿನ ಕಥೆಯಲ್ಲಿ ನಿಜಾಮರಿದ್ದಾರೆ, ಮದ್ರಾಸಿದೆ, ನಮ್ಮ ಶಹಾಬಾದಿನ ಕಲ್ಲೂ ಬರುತ್ತದೆ. ಆದ್ದರಿಂದ ಕಾರಿನ ಗೊಡವೆ ಇಲ್ಲದವರೂ ಸ್ವಲ್ಪ ಸೈರಿಸಿಕೊಂಡು ಓದಬಹುದು.

ನಿಜಾಮರಿಂದಲೇ ಶುರು ಮಾಡೋಣ. ಚೌಮಹಲ್ಲಾ ಅರಮನೆಗೆ ಹೋದವರು ಅಲ್ಲಿನ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಕಾರನ್ನು ನೋಡಿರುತ್ತೀರಿ. ಆರನೇ ನಿಜಾಮ ಮಹಬೂಬ್ ಅಲಿ ಖಾನರ ಕಾಲದಲ್ಲಿ ಆರ್ಡರ್ ಆಗಿ, 1911ರಲ್ಲಿ ಅವರು ತೀರಿಕೊಂಡ ಮೇಲೆ ಮಗ ಉಸ್ಮಾನ್ ಅಲಿ ಖಾನರ ಪಾಲಿಗೆ ಬಂದ, ಹಿಂದೆ ಸಿಂಹಾಸನದಂಥ ಪೀಠವಿರುವ ಕಾರು ಅದು. ಇಷ್ಟು ವರ್ಷದಲ್ಲಿ ಓಡಿದ್ದು ಕೆಲವೇ ನೂರು ಮೈಲಿ. ಇದೇ ಸಿಲ್ವರ್ ಘೋಸ್ಟ್ 1907ರಲ್ಲಿ ಮೊದಲು ಬಂದಾಗ ಅದಕ್ಕೆ ನಾಲ್ಕು ಗೇರಿತ್ತು, ನಾಲ್ಕನೆಯದು ಓವರ್‌ಡ್ರೈವ್. ಅಂದರೆ ಇಂಜಿನ್ ಒಂದು ಸುತ್ತು ಸುತ್ತಿದರೆ ಚಕ್ರಗಳಿಗೆ ಹೋಗುವ ದಂಡ ಒಂದಕ್ಕಿಂತ ಹೆಚ್ಚು ಸುತ್ತುವ ವ್ಯವಸ್ಥೆ. ಆದರೆ ಗಿರಾಕಿಗಳಿಗೆ ಅದು ಹಿಡಿಸಲಿಲ್ಲ. ಏರು ಬರಲಿ ಇಳಿಜಾರು ಬರಲಿ, ಎಲ್ಲವನ್ನೂ ಮೇಲಿನ ಗೇರಿನಲ್ಲೇ ಓಡಿಸಬೇಕು ಅನ್ನುವುದು ಶ್ರೀಮಂತರ ಹಟ. ಆ ಗೇರು ಏರಿನಲ್ಲಿ ಎಳೆಯುವುದಿಲ್ಲ, ಸದ್ದೂ ಮಾಡುತ್ತದೆ ಅಂತ ದೂರು ಹೋಯಿತು. 1909ರಲ್ಲಿ ಕಂಪನಿ ಅದನ್ನು ಕಿತ್ತುಹಾಕಿ ಮೂರೇ ಗೇರಿಗೆ ಇಳಿಯಿತು. ನಿಜಾಮರ ಕಾರು ಆ ಮೂರು ಗೇರಿನ ಕಾಲದ್ದು. ಮೆರವಣಿಗೆಯ ಕಾರಿಗೆ ನಾಲ್ಕನೆಯದರ ಅಗತ್ಯವೂ ಇರಲಿಲ್ಲ ಬಿಡಿ, ಅದರ ವೇಗ ಆನೆಯ ವೇಗವೇ.

ಯಾವಾಗ ಬೇಕೋ ಆಗ ಮಾತ್ರ ಬರಬೇಕು, ಬೇಡವೆಂದ ಕ್ಷಣ ಹೋಗಬೇಕು, ಕ್ಲಚ್ಚಿನ ರಗಳೆಯೂ ಇರಬಾರದು. ಇಂಥ ಓವರ್‌ಡ್ರೈವ್ ಮಾಡುವುದು ಹೇಗೆ? ಅಮೆರಿಕದವರು 1934ರಲ್ಲೇ ಬೋರ್ಗ್ ವಾರ್ನರ್ ಕಂಪನಿಯ ಓವರ್‌ಡ್ರೈವನ್ನು ಕ್ರೈಸ್ಲರ್ ಕಾರುಗಳಿಗೆ ಹಾಕಿದ್ದರು. ಇಂಗ್ಲೆಂಡಿನಲ್ಲಿ ಇದರ ಹಿಂದೆ ಬಿದ್ದವನು ಎಡ್ಗರ್ ಡಿ ನಾರ್ಮನ್‌ವಿಲ್. ಇಂಜಿನಿಯರೂ ಹೌದು, ಕಾರುಗಳ ಬಗ್ಗೆ ಬರೆಯುವ ಪತ್ರಕರ್ತನೂ ಹೌದು. ಅವನ ವಿನ್ಯಾಸವನ್ನು ತಯಾರಿಸಲು ಒಪ್ಪಿದ್ದು ಶೆಫೀಲ್ಡಿನ ಲೇಕಾಕ್ ಎಂಬ ಕಂಪನಿ. ರೈಲು ಡಬ್ಬಿಗಳ ಕಿಟಕಿಪರದೆ ಮತ್ತಿತರ ಸಾಮಾನು ಮಾಡಿ ಹೆಸರಾದವರು ಅವರು! ಇಬ್ಬರ ಹೆಸರೂ ಸೇರಿ ಆ ಪೆಟ್ಟಿಗೆ ಲೇಕಾಕ್ ಡಿ ನಾರ್ಮನ್‌ವಿಲ್ ಓವರ್‌ಡ್ರೈವ್ ಆಯಿತು.

ಇಂಗ್ಲೆಂಡಿಗೇ ಇದು ಯಾಕೆ ಬೇಕಾಯಿತು ಅನ್ನುವುದಕ್ಕೆ ಕಾರಣ ಅವರ ತೆರಿಗೆ. 1921ರಿಂದ ಅಲ್ಲಿ ಕಾರಿನ ತೆರಿಗೆಯನ್ನು ಲೆಕ್ಕ ಹಾಕುತ್ತಿದ್ದದ್ದು ಸಿಲಿಂಡರಿನ ಅಗಲ ಮತ್ತು ಸಂಖ್ಯೆಯ ಮೇಲೆ. ಅಗಲ ಕಡಿಮೆ ಇದ್ದರೆ ತೆರಿಗೆ ಕಡಿಮೆ. ಹಾಗಾಗಿ ಇಂಜಿನ್ನುಗಳು ಕಿರಿದಾಗಿ ಉದ್ದವಾಗಿ ಬೆಳೆದವು. ಊರೊಳಗೆ ಚೆನ್ನಾಗಿ ಎಳೆಯುತ್ತಿದ್ದವು, ಜೋರಾಗಿ ಸುತ್ತಿಸಿದರೆ ಸುಸ್ತು. ಯುದ್ಧ ಮುಗಿದ ಮೇಲೆ ಸರ್ಕಾರ ಆ ತೆರಿಗೆ ತೆಗೆಯಿತು, ಜೊತೆಗೆ ‘ವಿದೇಶಕ್ಕೆ ಮಾರಿ ಡಾಲರು ತನ್ನಿ, ಇಲ್ಲದಿದ್ದರೆ ಉಕ್ಕು ಇಲ್ಲ’ ಅಂತ ಕಾರ್ಖಾನೆಗಳ ಕತ್ತು ಹಿಡಿಯಿತು. ಆಗ ಬಂದ ಕಾರು ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್. 2088 ಸಿ.ಸಿ. ಇಂಜಿನ್ನು, ಮೂರೇ ಗೇರು. ಲೇಕಾಕ್ ಪೆಟ್ಟಿಗೆ 1950ರ ಸುಮಾರಿಗೆ ಮೊದಲು ಮಾರುಕಟ್ಟೆ ಕಂಡದ್ದು ಈ ಸಾದಾ ಸಂಸಾರಸ್ಥರ ಕಾರಿನ ಬೆನ್ನಿಗೇ, ಸ್ಪೋರ್ಟ್ಸ್ ಕಾರಿನಲ್ಲಲ್ಲ.

ಅದೇ ವ್ಯಾನ್‌ಗಾರ್ಡಿನ ಇಂಜಿನ್ನನ್ನು ಸ್ವಲ್ಪ ಕಿರಿದು ಮಾಡಿ, 1991 ಸಿ.ಸಿ.ಗೆ ಇಳಿಸಿ, ಎರಡು ಸೀಟಿನ ತೆರೆದ ಮೈಯೊಳಗೆ ಕೂರಿಸಿದಾಗ ಟ್ರಯಂಫ್ ಟಿಆರ್2 ಆಯಿತು. 1953ರ ಮೇ ತಿಂಗಳಲ್ಲಿ ಬೆಲ್ಜಿಯಂನ ಜಬ್ಬೇಕೆ ಹೆದ್ದಾರಿಯಲ್ಲಿ ಕೆನ್ ರಿಚರ್ಡ್‌ಸನ್ ಅದನ್ನು ಗಂಟೆಗೆ 124 ಮೈಲಿ, ಅಂದರೆ ಸುಮಾರು 200 ಕಿ.ಮೀ. ಓಡಿಸಿ ತೋರಿಸಿದ. ಆ ಕಾರಿಗೆ ಓವರ್‌ಡ್ರೈವ್ ಇತ್ತು. ಆಮೇಲೆ ಆಸ್ಟಿನ್ ಹೀಲಿ, ಜಾಗ್ವಾರ್, ಎಂಜಿಬಿ, ಸ್ಪಿಟ್‌ಫೈರ್ ಎಲ್ಲದರ ಬೆನ್ನಿಗೂ ಅದು ಹತ್ತಿತು. 1958ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಮೊದಲ ಮೋಟರ್‌ವೇ, ಮರು ವರ್ಷ ಎಂ1 ತೆರೆದಾಗ ಅಲ್ಲಿ ವೇಗದ ಮಿತಿಯೇ ಇರಲಿಲ್ಲ, 1965ರ ತನಕ. ಅಂಥ ರಸ್ತೆ ಸಿಕ್ಕಿದ ಮೇಲೆ ಆ ಪುಟ್ಟ ಸ್ವಿಚ್ಚಿಗೆ ಹೆಚ್ಚು ದುಡ್ಡು ಕೊಡಲು ಯಾರೂ ಹಿಂದೆಮುಂದೆ ನೋಡಲಿಲ್ಲ. ಒಟ್ಟು 35 ಲಕ್ಷಕ್ಕೂ ಹೆಚ್ಚು ಪೆಟ್ಟಿಗೆಗಳು ತಯಾರಾದವು, ಅದರಲ್ಲಿ 10 ಲಕ್ಷಕ್ಕಿಂತ ಜಾಸ್ತಿ ಕೊಂಡವರು ಸ್ವೀಡನ್ನಿನ ವೋಲ್ವೋದವರು.

ಸರಿ, ಆ ಪೆಟ್ಟಿಗೆಯೊಳಗೆ ಏನು ನಡೆಯುತ್ತದೆ? ಇದಕ್ಕೆ ನನ್ನ ಹತ್ತಿರ ನಮ್ಮೂರಿನ ಉದಾಹರಣೆ ಇದೆ. ನಾನು ಹುಟ್ಟಿದ್ದು ಕಲಬುರಗಿ ಜಿಲ್ಲೆಯ ಶಹಾಬಾದಿನ ಹತ್ತಿರ. ಹೈದರಾಬಾದಿನ ಹಳೇ ಮನೆಗಳ ನೆಲಕ್ಕೆಲ್ಲ ಹಾಸಿರುವ ‘ಶಾಬಾದಿ’ ನಮ್ಮೂರ ಕಲ್ಲೇ. ಗಣಿಯಲ್ಲಿ ದೊಡ್ಡ ಬಂಡೆ ಸರಿಸುವಾಗ ಅಡಿಗೆ ಗುಂಡನೆಯ ಮರದ ತುಂಡುಗಳನ್ನೋ ಕಬ್ಬಿಣದ ಪೈಪುಗಳನ್ನೋ ಇಟ್ಟು ಉರುಳಿಸುತ್ತಿದ್ದರು. ಗಮನಿಸಿದ್ದೀರಾ, ಉರುಳೆ ಒಂದು ಮೊಳ ಮುಂದೆ ಹೋದರೆ ಮೇಲಿನ ಬಂಡೆ ಎರಡು ಮೊಳ ಮುಂದೆ ಹೋಗಿರುತ್ತದೆ. ನೆಲ ಕದಲುವುದಿಲ್ಲ, ಉರುಳೆ ನೆಲದ ಮೇಲೆ ಉರುಳುತ್ತದೆ, ಬಂಡೆ ಉರುಳೆಗಿಂತ ಜೋರಾಗಿ ಸಾಗುತ್ತದೆ. ಓವರ್‌ಡ್ರೈವ್ ಅಂದರೆ ಇದೇ, ಗುಂಡಗೆ ಬಗ್ಗಿಸಿ ಇಟ್ಟದ್ದು. ನಡುವೆ ಒಂದು ಸಣ್ಣ ಹಲ್ಲುಚಕ್ರ, ಅದಕ್ಕೆ ಸೂರ್ಯ ಅನ್ನುತ್ತಾರೆ. ಸುತ್ತ ಮೂರು ಗ್ರಹಗಳು. ಹೊರಗೆ ಎಲ್ಲವನ್ನೂ ಬಳಸಿದ, ಒಳಮೈಗೆ ಹಲ್ಲಿರುವ ಬಳೆ. ಗೇರ್‌ಬಾಕ್ಸಿನಿಂದ ಬಂದ ದಂಡ ಗ್ರಹಗಳನ್ನು ಹೊತ್ತು ಸುತ್ತಿಸುತ್ತದೆ, ಬಳೆ ಹಿಂದಿನ ಚಕ್ರಗಳಿಗೆ ಹೋಗುತ್ತದೆ. ಸೂರ್ಯನನ್ನು ನೆಲದ ಹಾಗೆ ಕದಲದಂತೆ ಹಿಡಿದರೆ ಗ್ರಹಗಳು ಅದರ ಮೇಲೆ ಉರುಳುತ್ತವೆ, ಬಳೆ ಗ್ರಹಗಳಿಗಿಂತ ಮುಂದೆ ಓಡುತ್ತದೆ. ಸೂರ್ಯ ಚಿಕ್ಕದು, ಬಳೆ ದೊಡ್ಡದು, ಹಾಗಾಗಿ ಬಂಡೆಯಂತೆ ಎರಡರಷ್ಟಲ್ಲ, ಒಂದಕ್ಕೆ 1.22 ಸುತ್ತು. ಸೂರ್ಯನನ್ನು ಬಳೆಗೇ ಕಟ್ಟಿಹಾಕಿದರೆ ಎಲ್ಲವೂ ಒಂದೇ ಗಟ್ಟಿಯಾಗಿ ಸುತ್ತುತ್ತವೆ, ಒಂದಕ್ಕೆ ಒಂದು.

ಸೂರ್ಯನನ್ನು ಹಿಡಿಯುವುದೋ ಬಿಡುವುದೋ, ಇಷ್ಟೇ ತೀರ್ಮಾನ. ಆ ಕೆಲಸ ಶಂಕುವಿನಾಕಾರದ ಒಂದು ಕ್ಲಚ್ಚಿನದು. ಸಾಮಾನ್ಯವಾಗಿ ಸ್ಪ್ರಿಂಗುಗಳು ಅದನ್ನು ಬಳೆಯ ಕಡೆಗೆ ಒತ್ತಿರುತ್ತವೆ. ಸ್ವಿಚ್ಚು ಹಾಕಿದೊಡನೆ ಒಂದು ಸೊಲೆನಾಯ್ಡ್ ಸಣ್ಣ ಸನ್ನೆಯನ್ನು ಎಳೆಯುತ್ತದೆ, ಕವಾಟ ತೆರೆಯುತ್ತದೆ, ಒಳಗಿನ ಪುಟ್ಟ ಪಂಪು ಕೂಡಿಟ್ಟ ಆಯಿಲಿನ ಒತ್ತಡ ಆ ಕ್ಲಚ್ಚನ್ನು ಇನ್ನೊಂದು ಕಡೆಗೆ ತಳ್ಳಿ ಬ್ರೇಕ್ ಬಳೆಗೆ ಕಚ್ಚಿಸುತ್ತದೆ. ಚದರ ಇಂಚಿಗೆ ಸುಮಾರು 400 ಪೌಂಡ್ ಒತ್ತಡ! ನಮ್ಮ ಕಾರಿನ ಟೈರಿನಲ್ಲಿರುವುದು ಮೂವತ್ತು ಚಿಲ್ಲರೆ. ಅದೂ ಬೇರೆ ಆಯಿಲ್ ಅಲ್ಲ, ಗೇರ್‌ಬಾಕ್ಸ್ ಕುಡಿಯುವ ಆಯಿಲನ್ನೇ ಅದೂ ಕುಡಿಯುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ದೇಶಕ್ಕೂ ವ್ಯಾನ್‌ಗಾರ್ಡ್ ಬಂತು. 1948ರಲ್ಲಿ ಮದ್ರಾಸಿನಲ್ಲಿ ಶುರುವಾದ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಮೊದಲು ಜೋಡಿಸಿದ ಕಾರೇ ಅದು. ಆದರೆ ನಾನು ಕಂಡ ಮದ್ರಾಸಿ ವ್ಯಾನ್‌ಗಾರ್ಡುಗಳಲ್ಲಿ ಒಂದರಲ್ಲೂ ಆ ಸ್ವಿಚ್ಚು ಇರಲಿಲ್ಲ. ಇದ್ದಿದ್ದರೂ ಏನು ಮಾಡಬೇಕಿತ್ತು ಹೇಳಿ? ಒಂದೇ ಗಾಡಿ ಅಗಲದ ಡಾಂಬರು, ಎದುರಿಗೆ ಲಾರಿ ಬಂದರೆ ಮಣ್ಣಿಗಿಳಿಯಬೇಕು, ಜೋಳದ ಸುಗ್ಗಿಯಲ್ಲಿ ರಸ್ತೆ ತುಂಬ ಎತ್ತಿನ ಬಂಡಿ. 1956ರ ನವೆಂಬರ್ ತನಕ ಬೀದರ, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವಲ್ಲ, ನಮ್ಮ ಹಿರಿಯರು ಕೋರ್ಟು ಕಚೇರಿಗೆ ಇಲ್ಲಿಗೇ ಬರುತ್ತಿದ್ದರು. ಅವರ ಬಾಯಲ್ಲಿ ಆ ದಾರಿಯ ಧೂಳಿನ ವರ್ಣನೆ ಕೇಳಿದ್ದೇನೆ, ವೇಗದ ವರ್ಣನೆ ಕೇಳಿಲ್ಲ. ಟಾಪ್ ಗೇರಿಗೇ ಕೆಲಸವಿಲ್ಲದ ರಸ್ತೆಯಲ್ಲಿ ಅದಕ್ಕಿಂತ ಮೇಲಿನದು ಯಾರಿಗೆ ಬೇಕು?

ಆದರೂ ಒಂದಷ್ಟು ಓವರ್‌ಡ್ರೈವುಗಳು ಇಲ್ಲಿಗೆ ಬಂದವು. ಆಮದು ಬಿಗಿಯಾದ ಮೇಲೆ ವಿದೇಶಿ ಕಾರು ಸಿಗುತ್ತಿದ್ದ ದಾರಿಗಳಲ್ಲಿ ರಾಯಭಾರ ಕಚೇರಿಗಳೂ ಒಂದು. ಅವರು ತಂದ ಕಾರನ್ನು ಬಿಟ್ಟುಹೋಗುವಾಗ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮೂಲಕ ಮಾರುತ್ತಿದ್ದರು. ಸೈನಿಕಪುರಿಯಲ್ಲಿರುವ ನಮ್ಮ ಕರ್ನಲ್ ಸಾಹೇಬರ 1959ರ ಟ್ರಯಂಫ್ ಟಿಆರ್3ಎ ಅಂಥದ್ದು. ದೆಹಲಿಯಲ್ಲಿ ಇಳಿದು ಮೂರು ಕೈ ದಾಟಿ ಸಿಕಂದರಾಬಾದಿಗೆ ಬಂದದ್ದು. ಟಿಆರ್3ಎ ಒಟ್ಟು ತಯಾರಾದದ್ದೇ ಸುಮಾರು 58 ಸಾವಿರ, ಮುಕ್ಕಾಲು ಪಾಲಿಗೂ ಹೆಚ್ಚು ಅಮೆರಿಕಕ್ಕೆ ಹೋಯಿತು. ಸಾಹೇಬರು ಕೊಡಗಿನವರು. ನನ್ನ ಜೊತೆ ಕನ್ನಡ ಮಾತಾಡಲು ಸಿಕ್ಕರೆ ಕಾರನ್ನೂ ಮರೆಯುತ್ತಾರೆ.

ಈ ಕಾರಿನ ಓವರ್‌ಡ್ರೈವ್ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿತ್ತು. ನಗರದ ಒಂದು ದೊಡ್ಡ ಗ್ಯಾರೇಜಿನವರು ನೋಡಿ, ‘ಇದು ಸತ್ತಿದೆ, ತೆಗೆದು ಬಿಸಾಡಿ, ಈಗಿನ ಐದು ಗೇರಿನ ಬಾಕ್ಸ್ ಕೂರಿಸಿಕೊಡುತ್ತೇವೆ’ ಅಂದರು. ಹಾಗೆ ಮಾಡುವವರು ಇಂಗ್ಲೆಂಡಿನಲ್ಲೂ ಇದ್ದಾರೆ, ತಪ್ಪೇನಲ್ಲ. ಆದರೆ ಇವರ ಲೆಕ್ಕದಲ್ಲಿ ಚಾಸಿಯ ಅಡ್ಡಪಟ್ಟಿಯನ್ನೂ ಸ್ವಲ್ಪ ಕತ್ತರಿಸಬೇಕಿತ್ತು. ಒಮ್ಮೆ ಕತ್ತರಿಸಿದರೆ ಮುಗಿಯಿತು. ‘ರಾಯರೇ, ನೀವು ಗೇರಿನವರಲ್ವಾ, ಒಮ್ಮೆ ನೋಡಿ ಹೇಳಿ, ಆಮೇಲೆ ನೋಡುವ’ ಅಂದರು ಸಾಹೇಬರು. ನನ್ನದು ಹಲ್ಲು ಕತ್ತರಿಸುವ ವಿದ್ಯೆ, ರಿಪೇರಿಯದಲ್ಲ. ಆದ್ದರಿಂದ ರಾಣಿಗಂಜಿನಲ್ಲಿ ನನಗೆ ಪರಿಚಯವಿದ್ದ ಒಬ್ಬ ಉಸ್ತಾದರನ್ನು ಕರೆದುಕೊಂಡು ಹೋದೆ. ಎಪ್ಪತ್ತು ದಾಟಿದವರು, ಸ್ಟ್ಯಾಂಡರ್ಡ್ ಹೆರಾಲ್ಡ್ ಕಾಲದಿಂದ ಕೈ ಕರ್ರಗೆ ಮಾಡಿಕೊಂಡವರು. ಕಾರಿನ ಸುತ್ತ ಒಂದು ಸುತ್ತು ಹಾಕಿ ಹೇಳಿದ್ದು ಒಂದೇ ಮಾತು: ‘ಪೈಲೇ ಬಿಜಲಿ ದೇಖೋ ಸಾಬ್, ಫಿರ್ ತೇಲ್. ಲೋಹಾ ಆಖಿರ್ ಮೇಂ.’ ಮೊದಲು ಕರೆಂಟು ನೋಡಿ, ಆಮೇಲೆ ಎಣ್ಣೆ, ಕಬ್ಬಿಣ ಕೊನೆಗೆ.

ಆ ಗ್ಯಾರೇಜು ಶುರು ಮಾಡಿದ್ದು ಕಬ್ಬಿಣದಿಂದ. ವ್ಯತ್ಯಾಸ ಅಷ್ಟೇ.

ಕರೆಂಟು ನೋಡುವುದು ಸುಲಭ. ಇಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಹಾಕಿ, ಟಾಪ್ ಗೇರಿಗೆ ತಂದು ಸ್ವಿಚ್ಚು ಒತ್ತಿದರೆ ಕಾಲ ಪಕ್ಕದಿಂದ ‘ಟಕ್’ ಅನ್ನಬೇಕು. ಅದು ಸೊಲೆನಾಯ್ಡಿನ ಸದ್ದು. ಟಕ್ ಅನ್ನದಿದ್ದರೆ ಫ್ಯೂಸು, ರಿಲೇ, ಗೇರ್‌ಬಾಕ್ಸ್ ಮುಚ್ಚಳದ ಮೇಲಿನ ತಡೆಸ್ವಿಚ್ಚುಗಳು, ಈ ಕ್ರಮದಲ್ಲಿ ನೋಡುತ್ತಾ ಹೋಗಬೇಕು. ನಮ್ಮದರಲ್ಲಿ ರಿಲೇಯ ತುದಿಗಳು ತುಕ್ಕು ಹಿಡಿದು ಪಾಚಿಗಟ್ಟಿದ್ದವು. ಸೊಲೆನಾಯ್ಡೂ ಸುಟ್ಟಿತ್ತು, ಅದಕ್ಕೂ ಕಾರಣವಿತ್ತು. ಅದರೊಳಗೆ ಎರಡು ಸುರುಳಿ. ಎಳೆಯುವ ಸುರುಳಿ ಹದಿನೈದು ಇಪ್ಪತ್ತು ಆಂಪಿಯರ್ ನುಂಗುತ್ತದೆ, ಎಳೆದು ಮುಗಿದ ಮೇಲೆ ಒಳಗಿನ ಒಂದು ಸಂಪರ್ಕ ತಾನೇ ಬಿಟ್ಟುಕೊಂಡು ಹಿಡಿದಿಡುವ ಸುರುಳಿಗೆ ವಹಿಸುತ್ತದೆ, ಅದಕ್ಕೆ ಒಂದೆರಡು ಆಂಪಿಯರ್ ಸಾಕು. ಸನ್ನೆಯ ಹೊಂದಾಣಿಕೆ ಕೂದಲೆಳೆಯಷ್ಟು ತಪ್ಪಿದರೂ ಎಳೆತ ಪೂರ್ತಿಯಾಗುವುದಿಲ್ಲ, ಸಂಪರ್ಕ ಬಿಡುವುದಿಲ್ಲ, ಸುರುಳಿ ಬೆಂದುಹೋಗುತ್ತದೆ. ಹೊಂದಾಣಿಕೆಗೆ ಆ ಇಂಗ್ಲಿಷರು ಒಂದು ಚಂದದ ಉಪಾಯ ಮಾಡಿಟ್ಟಿದ್ದಾರೆ. ಸನ್ನೆಯಲ್ಲಿ ಒಂದು ತೂತು, ಪೆಟ್ಟಿಗೆಯ ಮೈಯಲ್ಲಿ ಒಂದು ತೂತು. ಸೊಲೆನಾಯ್ಡ್ ಎಳೆದು ಹಿಡಿದಾಗ ಎರಡರಲ್ಲೂ 3/16 ಇಂಚಿನ ಕಡ್ಡಿ ನೇರ ತೂರಬೇಕು. ಉಸ್ತಾದರು ಕಡ್ಡಿ ಹುಡುಕಲಿಲ್ಲ, ಅದೇ ಅಳತೆಯ ಡ್ರಿಲ್ ಬಿಟ್ಟನ್ನು ತಲೆಕೆಳಗು ಮಾಡಿ ತೂರಿಸಿದರು.

ಆಮೇಲೆ ಎಣ್ಣೆ. ಹೈದರಾಬಾದಿನ ಮೇ ತಿಂಗಳ ಬಿಸಿಲು ನಿಮಗೆ ಗೊತ್ತಲ್ಲ, 42 ಡಿಗ್ರಿ. ಎಣ್ಣೆ ತೆಳ್ಳಗಾಗುತ್ತದೆ, ಸವೆದ ಪಂಪಿಗೆ ಒತ್ತಡ ಕೂಡಿಸುವುದು ಕಷ್ಟವಾಗುತ್ತದೆ, ರಬ್ಬರಿನ ಸೀಲುಗಳು ಗಟ್ಟಿಯಾಗಿ ಬಿರಿಯುತ್ತವೆ. ಬೆಳಿಗ್ಗೆ ಹಿಡಿಯುವ ಓವರ್‌ಡ್ರೈವ್ ಮಧ್ಯಾಹ್ನ ಹಿಡಿಯದಿದ್ದರೆ ಮೊದಲ ಅನುಮಾನ ಇಲ್ಲಿಯೇ. ಅಂಗಡಿಗೆ ಹೋಗಿ ‘90 ನಂಬರ್ ಗೇರ್ ಆಯಿಲ್’ ಅಂತಷ್ಟೇ ಕೇಳಬೇಡಿ. ಜಿಎಲ್-4 ದರ್ಜೆಯದ್ದೇ ಬೇಕು. ಜಿಎಲ್-5ರಲ್ಲಿ ಹೆಚ್ಚಾಗಿರುವ ಗಂಧಕದ ಅಂಶ ಒಳಗಿನ ಹಿತ್ತಾಳೆ, ಕಂಚಿನ ಭಾಗಗಳನ್ನು ತಿನ್ನಬಲ್ಲದು. ಜಾರುವಂತೆ ಮಾಡುವ ಹೊಸ ಮಸಾಲೆಗಳಂತೂ ಬೇಡವೇ ಬೇಡ, ಕ್ಲಚ್ಚು ಕಚ್ಚಬೇಕಾದ ಕಡೆ ಜಾರಿದರೆ ಗತಿ ಏನು? ಆಯಿಲ್ ಬದಲಿಸುವಾಗ ಗೇರ್‌ಬಾಕ್ಸಿನ ತಿರುಪಿನ ಜೊತೆ ಓವರ್‌ಡ್ರೈವಿನ ತಿರುಪನ್ನೂ ಬಿಚ್ಚಬೇಕು, ಅದರೊಳಗಿನ ಜಾಲರಿ ತೊಳೆಯಬೇಕು. ತುಂಬಿಸಿ ನಾಲ್ಕಾರು ಕಿಲೋಮೀಟರ್ ಓಡಿಸಿ ಮತ್ತೆ ಮಟ್ಟ ನೋಡಬೇಕು, ಯಾಕೆಂದರೆ ಅಷ್ಟರಲ್ಲಿ ಹಿಂದಿನ ಪೆಟ್ಟಿಗೆ ತನ್ನ ಪಾಲು ಕುಡಿದಿರುತ್ತದೆ. ಇನ್ನೊಂದು ಮಾತು, ಪೆಟ್ಟಿಗೆಯ ಯಾವುದೇ ದೊಡ್ಡ ತಿರುಪು ಬಿಚ್ಚುವ ಮುನ್ನ ಇಂಜಿನ್ ಆರಿಸಿ ಸ್ವಿಚ್ಚನ್ನು ಹತ್ತು ಹನ್ನೆರಡು ಸಲ ಹಾಕಿ ತೆಗೆದು ಮಾಡಬೇಕು. ಒಳಗೆ ಕೂಡಿಟ್ಟ ಒತ್ತಡ ಇಳಿಯಲಿ ಅಂತ. ಇಲ್ಲದಿದ್ದರೆ ಎಣ್ಣೆ ನೇರ ಮುಖಕ್ಕೆ.

ಕಬ್ಬಿಣದ ಸರದಿ ಬಂತೇ? ಪೂರ್ತಿ ಬರಲಿಲ್ಲ. ಟಿಆರ್ ಕಾರಿನಲ್ಲಿ ಗೇರ್‌ಬಾಕ್ಸ್ ಕೆಳಗಿನಿಂದ ಇಳಿಯುವುದಿಲ್ಲ, ಸೀಟು ತೆಗೆದು ನಡುವಿನ ಸುರಂಗದಂಥ ಮುಚ್ಚಳ ಬಿಚ್ಚಿ ಕಾರಿನ ಒಳಗಿನಿಂದಲೇ ಎತ್ತಬೇಕು. ಅಷ್ಟು ಮಾಡಬೇಕಾಗಲಿಲ್ಲ. ಕವಾಟದ ಗುಂಡನ್ನು ತೆಗೆದು ಅದು ಕೂರುವ ಜಾಗ ಒರೆಸಿ ಕೂರಿಸಿದ್ದು, ಬಾಲಾನಗರದಲ್ಲಿ ನನ್ನ ಹಳೇ ಶಿಷ್ಯನ ಲೇತಿನಲ್ಲಿ ಸನ್ನೆಯ ದಂಡಕ್ಕೆ ಒಂದು ಹೊಸ ಬುಷ್ ಕಡೆಸಿದ್ದು, ಇಂಗ್ಲೆಂಡಿನಿಂದ ಒಂದು ಸೊಲೆನಾಯ್ಡ್ ತರಿಸಿದ್ದು, ಇಷ್ಟರಲ್ಲಿ ಮುಗಿಯಿತು. ‘ಸತ್ತಿದೆ’ ಅನ್ನಿಸಿಕೊಂಡ ಪೆಟ್ಟಿಗೆ!

ಓಡಿಸುವವರಿಗೆ ಇರುವ ಒಂದೇ ಕಟ್ಟುನಿಟ್ಟು ರಿವರ್ಸ್‌ನದು. ಓವರ್‌ಡ್ರೈವ್ ಕಚ್ಚಿಕೊಂಡಿರುವಾಗ ಕಾರು ಹಿಂದಕ್ಕೆ ಹೋಗಕೂಡದು. ಒಳಗೆ ಒಂದೇ ದಿಕ್ಕಿಗೆ ಸುತ್ತುವ ಉರುಳೆಗಳ ಕ್ಲಚ್ಚು ಇದೆ. ಸೂರ್ಯ ನೆಲದ ಹಾಗೆ ಕದಲದೆ ನಿಂತಿರುವಾಗ ಹಿಂದಕ್ಕೆ ತಳ್ಳಿದರೆ ಅದು ಸಿಕ್ಕಿಹಾಕಿಕೊಂಡು ಒಡೆಯುತ್ತದೆ. ಮುಚ್ಚಳದ ಮೇಲಿನ ತಡೆಸ್ವಿಚ್ಚು ಇರುವುದು ಇದಕ್ಕೇ, ಎರಡು, ಮೂರು, ನಾಲ್ಕನೇ ಗೇರಿನಲ್ಲಿ ಮಾತ್ರ ಕರೆಂಟು ಬಿಡುತ್ತದೆ. ಆದರೆ ಕರೆಂಟು ಹೋದರೂ ಒಳಗೆ ಏನಾದರೂ ಸಿಕ್ಕಿಕೊಂಡು ಓವರ್‌ಡ್ರೈವ್ ಬಿಡದೇ ಇರಬಹುದು. ಹಾಗಾದಾಗ ಮುಂದಕ್ಕೆ ಮಾತ್ರ ಓಡಿಸಿ ಮನೆ ಸೇರಬೇಕು, ಗೇಟಿನ ಮುಂದೆಯೇ ನಿಲ್ಲಿಸಬೇಕು, ಯಾರು ಎಷ್ಟೇ ಹಾರ್ನ್ ಹೊಡೆದರೂ ರಿವರ್ಸ್ ಹಾಕಬಾರದು. ಉಳಿದಂತೆ ಸುಲಭ. ಹಾಕುವಾಗ ಕ್ಲಚ್ ಬೇಡ, ಆಕ್ಸಿಲರೇಟರನ್ನು ಒಂಚೂರು ಸಡಿಲಿಸಿದರೆ ಸಾಕು. ತೆಗೆಯುವಾಗ ಅದಕ್ಕೆ ವಿರುದ್ಧ, ಕಾಲು ಸ್ವಲ್ಪ ಒತ್ತಿಯೇ ಇಟ್ಟರೆ ಇಂಜಿನ್ನು ತಾನಾಗಿ ಮೇಲೇರಿ ಮೆತ್ತಗೆ ಸೇರಿಕೊಳ್ಳುತ್ತದೆ. ನಾಲ್ಕು ಗೇರಿನ ಕಾರು ಏಳು ಗೇರಿನದಾಗುತ್ತದೆ. ಏರಿನಲ್ಲಿ ಇಂಜಿನ್ನು ಉಸಿರು ಕಟ್ಟಿ ನಡುಗುವ ತನಕ ಓವರ್‌ಡ್ರೈವಿನಲ್ಲಿ ಎಳೆಸಬಾರದು, 1908ರ ಆ ರೋಲ್ಸ್ ರಾಯ್ಸ್ ಗಿರಾಕಿಗಳ ಹಾಗೆ.

ಟೆಸ್ಟ್ ಮಾಡಲು ಊರೊಳಗೆ ಜಾಗವೆಲ್ಲಿ? ನಾವು ಹೋದದ್ದು ಔಟರ್ ರಿಂಗ್ ರೋಡಿಗೆ. ಗಚ್ಚಿಬೌಲಿಯಿಂದ ಶಂಶಾಬಾದಿನ ಮೊದಲ ತುಂಡು 2008ರಲ್ಲಿ ತೆರೆಯಿತು, ಈಗ ಪೂರ್ತಿ ಸುತ್ತು 158 ಕಿ.ಮೀ., ಎಂಟು ಲೇನು. 2023ರಲ್ಲಿ ವೇಗದ ಮಿತಿಯನ್ನು 120ಕ್ಕೆ ಏರಿಸಿದರು. ಭಾನುವಾರ ಬೆಳಿಗ್ಗೆ ಆರು ಗಂಟೆ. ನಾಲ್ಕನೇ ಗೇರಿನಲ್ಲಿ ಗಂಟೆಗೆ 100 ಕಿ.ಮೀ. ಓಡುವಾಗ ಮುಳ್ಳು 3100 ಸುತ್ತು ತೋರಿಸುತ್ತಿತ್ತು, ಕಿವಿಯ ಹತ್ತಿರ ಕೂಗಿ ಮಾತಾಡಬೇಕಿತ್ತು. ಸಾಹೇಬರು ಬೆರಳು ಚಾಚಿ ಸ್ವಿಚ್ಚು ಹಾಕಿದರು. ಅರೆಕ್ಷಣ ಏನೂ ಇಲ್ಲ. ಆಮೇಲೆ ಯಾರೋ ಹಿಂದಿನಿಂದ ಮೆಲ್ಲಗೆ ಬೆನ್ನು ತಟ್ಟಿದ ಹಾಗೆ ಒಂದು ತಳ್ಳು, ಮುಳ್ಳು 2550ಕ್ಕೆ ಇಳಿಯಿತು. ವೇಗ ಅದೇ 100. ಗಾಳಿಯ ಸದ್ದು ಕೇಳತೊಡಗಿತು. 1959ರಲ್ಲಿ ಕೊವೆಂಟ್ರಿಯಿಂದ ಹೊರಟ ಕಾರಿಗೆ ಅದನ್ನು ಯಾವುದಕ್ಕಾಗಿ ಮಾಡಿದ್ದರೋ ಅಂಥ ರಸ್ತೆ ಹೈದರಾಬಾದಿನಲ್ಲಿ ಸಿಕ್ಕಿದ್ದು ಐವತ್ತು ವರ್ಷದ ಮೇಲೆ.

ಅಷ್ಟರಲ್ಲಿ ಓವರ್‌ಡ್ರೈವಿನ ಕಾಲವೇ ಮುಗಿದಿತ್ತು ಅನ್ನುವುದೂ ನಿಜ. 1976ರ ರೋವರ್ ಎಸ್‌ಡಿ1ನಂಥ ಕಾರುಗಳು ಐದನೇ ಗೇರನ್ನು ಬಾಕ್ಸಿನೊಳಗೇ ತಂದವು, ಪಂಪು, ಸೊಲೆನಾಯ್ಡು ಯಾವುದರ ಹಂಗೂ ಬೇಡ. ತಮಾಷೆ ಎಂದರೆ ಅದೇ ರೋವರಿನ ಮೈಯನ್ನು ನಮ್ಮ ಮದ್ರಾಸಿನವರು 1985ರಲ್ಲಿ ಸ್ಟ್ಯಾಂಡರ್ಡ್ 2000 ಅಂತ ಮಾರಿದಾಗ ಒಳಗೆ ಇಟ್ಟದ್ದು ವ್ಯಾನ್‌ಗಾರ್ಡ್ ವಂಶದ ಹಳೇ 1991 ಸಿ.ಸಿ. ಇಂಜಿನ್ನು ಮತ್ತು ನಾಲ್ಕೇ ಗೇರು! 1988ಕ್ಕೆ ಆ ಕಾರೂ ನಿಂತಿತು. ಹೊಸ ಕಾರಿಗೆ ಹಳೇ ಇಂಜಿನ್ ಹಾಕಿದರೆಂದು ಜನ ನಕ್ಕಿದ್ದರು. ಆದರೆ ಉಸ್ತಾದರು ಸ್ಟ್ಯಾಂಡರ್ಡ್ 2000ನ ಇಂಜಿನ್ ಸಾಮಾನು ಗುಜರಿಯಲ್ಲಿ ಕಂಡರೆ ಇವತ್ತಿಗೂ ತೂಕಕ್ಕೆ ಕೊಂಡು ತೆಗೆದಿಡುತ್ತಾರೆ, ಟಿಆರ್ ಕಾರಿನ ದಾಯಾದಿ ಅಂತ.

2021ರ ಕೇಂದ್ರದ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ ಇಂಥ ಗಾಡಿಗಳಿಗೆ ‘ವಿಎ’ ಸರಣಿಯ ನೋಂದಣಿ ಇದೆ. ಕಾರು ಉಳಿಯುವುದಕ್ಕೆ ಒಂದು ದಾರಿಯಾಯಿತು. ಉಸ್ತಾದರ ವಿದ್ಯೆಗೆ ಅಂಥ ಸರಣಿ ಯಾವುದೂ ಇಲ್ಲ. ಮಕ್ಕಳಿಬ್ಬರೂ ದಮ್ಮಾಮಿನಲ್ಲಿದ್ದಾರೆ. ಹಾಗಾಗಿ ನಾನೂ ಸಾಹೇಬರೂ ಕೂತು, ಅವರು ಹೇಳಿದ ಕ್ರಮವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇವೆ. ದಖನಿಯಲ್ಲಿ ಹೇಳಿದ್ದು, ಕನ್ನಡದಲ್ಲಿ ಬರೆದದ್ದು, ಚಿತ್ರ ನನ್ನದು. ಹಿಂದಿನ ಆಯಿಲ್ ಸೀಲು ಇನ್ನೂ ಸೋರುತ್ತಿದೆ. ಕಾರಿನ ಕೆಳಗೆ ಸಾಹೇಬರು ಒಂದು ರಟ್ಟು ಹಾಸಿ, ವಾರಕ್ಕೊಮ್ಮೆ ಕಲೆಯ ಅಗಲ ಅಳೆದು ಅದೇ ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಾರೆ. ಅಂಗೈಯಗಲ ದಾಟಿದರೆ ಸೀಟು ಬಿಚ್ಚುವುದು ಅಂತ ತೀರ್ಮಾನವಾಗಿದೆ.